ಹಳೆಯ ಷೆವರ್ಲೆ ಕಾರಿನ ಗೇರ್‌ಬಾಕ್ಸ್ ಯಾವ ವರ್ಷದ್ದು, ಎಲ್ಲಿಯದು ಎಂದು ತಿಳಿಯುವುದು ಹೇಗೆ?

ಡಬ್ಬಿಯ ಮೇಲೆ ಉಬ್ಬಿರುವ ದೊಡ್ಡ ನಂಬರನ್ನಲ್ಲ, ಲೋಹದಲ್ಲಿ ಕುಟ್ಟಿ ಒತ್ತಿದ ಸಣ್ಣ ಕೋಡನ್ನು ಓದಿ. ಉಬ್ಬು ನಂಬರು ಎರಕದ ಅಚ್ಚಿನದು. ಒಂದೇ ಅಚ್ಚು ವರ್ಷಗಟ್ಟಲೆ ಬಳಕೆಯಾಗುತ್ತದೆ. ಒತ್ತಿದ ಕೋಡು ಮಾತ್ರ ಆ ಗೇರ್‌ಬಾಕ್ಸ್ ಜೋಡಣೆಯಾದ ದಿನದ್ದು.

ಜನರಲ್ ಮೋಟಾರ್ಸ್‌ನ ಮನ್ಸಿ ನಾಲ್ಕು ಗೇರಿನ ಪೆಟ್ಟಿಗೆಯನ್ನೇ (1963–74) ನೋಡಿ. 3925660 ಎಂಬ ಎರಕದ ನಂಬರು ಕಂಡರೆ 1960ರ ದಶಕದ ಕೊನೆಯದು ಎನ್ನಬಹುದು, ಅಷ್ಟೇ. ಬಲಬದಿಯ ಎಣ್ಣೆ ಜಿಡ್ಡು ಒರೆಸಿದಾಗ ‘ಪಿ9ಬಿ12’ ಎಂದು ಶುರುವಾಗುವ ಕೋಡು ಕಂಡರೆ ಎಲ್ಲವೂ ಸ್ಪಷ್ಟ: ‘ಪಿ’ ಅಂದರೆ ಇಂಡಿಯಾನಾ ರಾಜ್ಯದ ಮನ್ಸಿ ಕಾರ್ಖಾನೆ, 9 ಅಂದರೆ 1969, ‘ಬಿ’ ಫೆಬ್ರವರಿ, 12 ತಾರೀಖು. ಒಂದು ಎಚ್ಚರ: ಮೇ ತಿಂಗಳ ‘ಇ’ ಆದಮೇಲೆ ಅಕ್ಷರಗಳು ಸಾಲಾಗಿ ಬರುವುದಿಲ್ಲ, ಜೂನ್‌ಗೆ ‘ಎಚ್’. 1967ಕ್ಕಿಂತ ಮುಂಚಿನ ಕೋಡಿನಲ್ಲಿ ವರ್ಷದ ಅಂಕಿಯೇ ಇಲ್ಲ. ಅಲ್ಲಿ ಎರಕದ ನಂಬರೇ ಗತಿ.

1968ರಿಂದೀಚಿನ ಗೇರ್‌ಬಾಕ್ಸ್‌ಗಳಲ್ಲಿ ಕಾರಿನ ಚಾಸಿಸ್ ನಂಬರಿನ ಒಂದು ತುಣುಕೂ ಇರುತ್ತದೆ. ‘19ಎನ್’ ಎಂದು ಶುರುವಾದರೆ ಷೆವರ್ಲೆ, 1969, ಒಹಾಯೋದ ನಾರ್ವುಡ್ ಕಾರ್ಖಾನೆ. ಕೊಳ್ಳುವ ಮುನ್ನ ಇದನ್ನು ಕಾರಿನ ಚಾಸಿಸ್ ನಂಬರಿನೊಂದಿಗೆ ತಾಳೆ ನೋಡಲೇಬೇಕು. ಹಿಂಬದಿಯ ಕವಚ, ಪಕ್ಕದ ಮುಚ್ಚಳ ರಿಪೇರಿಯಲ್ಲಿ ಬದಲಾಗಿರಬಹುದು, ಅವುಗಳನ್ನು ನಂಬಿ ವರ್ಷ ಹೇಳಬೇಡಿ.