ಡಬಲ್ ಐಪಿಎ ಬಿಯರ್ ಅಷ್ಟೊಂದು ಕಹಿ ಯಾಕೆ? ರುಚಿ ನೋಡುವುದು ಹೇಗೆ?

ಐಪಿಎ ಅಂದರೆ ಇಂಡಿಯಾ ಪೇಲ್ ಏಲ್, ಹಾಪ್ಸ್ ಎಂಬ ಹೂವನ್ನು ಹೆಚ್ಚಾಗಿ ಹಾಕಿದ ಬಿಯರ್. ಡಬಲ್ ಅಂದರೆ ಹಾಪ್ಸೂ ಆಲ್ಕೋಹಾಲೂ ಇನ್ನೂ ಜಾಸ್ತಿ. ಕಹಿ ಬರುವುದು ಈ ಹಾಪ್ಸ್ ಹೂವಿನಿಂದ. ಕುದಿಯುವ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ರಸಕ್ಕೆ ಮೊದಲೇ ಹಾಕಿದ ಹಾಪ್ಸ್ ಕಹಿ ಕೊಡುತ್ತದೆ. ಕೊನೆಗೆ ಅಥವಾ ಹುದುಗಿದ ಮೇಲೆ ಹಾಕಿದ್ದು ಪರಿಮಳ ಕೊಡುತ್ತದೆ. ಕ್ಯಾಲಿಫೋರ್ನಿಯಾದ ಬಿಯರ್ ಕಂಪನಿ ರಷ್ಯನ್ ರಿವರ್‌ನವರ ಪ್ಲೈನಿ ದಿ ಎಲ್ಡರ್ ಎಂಬ ಬಿಯರ್ ಡಬಲ್ ಐಪಿಎಗೆ ಒಳ್ಳೆಯ ಮಾದರಿ, ಆಲ್ಕೋಹಾಲ್ ಶೇ. 8. ಮೂಗಿಗೆ ಮೊದಲು ಪೈನ್ ಮರದ ಅಂಟು, ಚಕ್ಕೋತ, ಕಿತ್ತಳೆ ಸಿಪ್ಪೆ. ಬಾಯಲ್ಲಿ ಮಾಲ್ಟಿನ ಸಿಹಿ ತೆಳುವಾಗಿ ಸುಳಿದು ಹೋಗುತ್ತದೆ. ಕಹಿ ಮಾತ್ರ ನಾಲಿಗೆಯ ಬುಡದಲ್ಲಿ ಕೂತುಬಿಡುತ್ತದೆ. (ಹಾಗಲಕಾಯಿ ಗೊಜ್ಜು ಚಪ್ಪರಿಸುವವರಿಗೆ ಇದೇನು ಮಹಾ!)

ಫ್ರಿಜ್‌ನಿಂದ ತೆಗೆದ ತಕ್ಷಣ ಕುಡಿಯಬೇಡಿ, ತೀರಾ ತಣ್ಣಗಿದ್ದರೆ ಪರಿಮಳ ಏಳುವುದಿಲ್ಲ. ಹತ್ತು ನಿಮಿಷ ಬಿಟ್ಟು ಗ್ಲಾಸಿಗೆ ಅರ್ಧ ಸುರಿದು, ಮೊದಲು ಮೂಸಿ ನೋಡಿ. ಬಾಟಲಿಯ ತಾರೀಖೂ ಮುಖ್ಯ. ಕೆಲವೇ ತಿಂಗಳಲ್ಲಿ ಹಾಪ್ಸ್ ಪರಿಮಳ ಮಂಕಾಗುತ್ತದೆ. ಇದು ವೈನ್ ಥರ ಕೂಡಿಡುವ ಸರಕಲ್ಲ.