"ಸುಸ್ತು ಹೆಂಗ ತೋರಸೋದ್ರಿ?"

ಗುರುತು ಸಿಗೋ ವಿವರ ಬದಲಾಯಿಸಿದೀನಿ, ಈ ಪ್ರಶ್ನೆ ಕೇಳಿದವರ ಒಪ್ಪಿಗೆ ತಗೊಂಡೇ ಬರೀತಿರೋದು. ಮುಂಬೈಲಿ ನನ್ ಹತ್ರ ಆಪ್ತಸಲಹೆಗೆ ಬರೋ ನಮ್ ಕನ್ನಡದ ಜನರ ಬಾಯಲ್ಲಿ ಇದೇ ಮಾತು ಬೇರೆ ಬೇರೆ ರೂಪದಲ್ಲಿ ಪದೇ ಪದೇ ಕೇಳ್ತಿದೀನಿ, ಅದಕ್ಕೇ ಬರೀಬೇಕು ಅನ್ಸ್ತು.

ಹುಬ್ಬಳ್ಳಿ ಕಡೆ ಹೆಣ್ಣುಮಗಳು, ಮನೆ ಡೊಂಬಿವಲಿ, ಆಫೀಸು ಅಂಧೇರಿ. ಲೋಕಲ್‌ನಲ್ಲಿ ಘಾಟ್ಕೋಪರ್, ಅಲ್ಲಿಂದ ಮೆಟ್ರೋ. ಸರಕು ಸಾಗಣೆ ಕಂಪನಿ, ಲಾರಿ ಎಲ್ಲಿ ನಿಂತ್ರೂ ರಾತ್ರಿ ಹನ್ನೊಂದಕ್ಕೂ ಫೋನ್ ಇವರಿಗೇ. ಯೋಗ ಕ್ಲಾಸು, ಧ್ಯಾನದ ಆ್ಯಪ್ ಎಲ್ಲಾ ಕಂಪನಿ ಕೊಟ್ಟಿತ್ತು. ನನ್ ಹತ್ರ ಕಳಿಸಿದ್ದೂ ಎಚ್‌ಆರ್‌ನವರೇ, ಸ್ಟ್ರೆಸ್ ತಡ್ಕೊಳ್ಳೋದು ಕಲಿಸಿ ಅಂತ.

ಮೊದಲ ಸಲ ಬರೀ ನಿದ್ದೆ ಬರಲ್ಲ ಅನ್ನೋ ಮಾತು. ಇಲ್ಲಿ ಹೇಳಿದ್ದು ಎಚ್‌ಆರ್‌ಗೆ ಹೋಗಲ್ಲ ಅಂತ ನಂಬಿಕೆ ಬಂದ್ಮೇಲೆ, ಎರಡನೇ ಸಲ, ನಗ್ತಾ ನಗ್ತಾ ಹೇಳಿದ್ರು: "ಅಕ್ಕಾರ, ಲೋಕಲ್‌ನಿಂದ ಇಳಿಯೋವಾಗ ಕಾಲ್ ಜಾರಿ ಸಣ್ಣಂಗ ಮುರದ್ರ ಛಲೋ ಅನಸ್ತದ್ರಿ. ಹದಿನೈದ್ ದಿನ ದವಾಖಾನ್ಯಾಗ ಮಲಕೋಬಹುದು, ಯಾರೂ ಫೋನ್ ಮಾಡಂಗಿಲ್ಲ."

ನಾನು ನಗಲಿಲ್ಲ, ನೇರವಾಗಿ ಕೇಳ್ದೆ, "ಸಾಯಬೇಕು ಅಂತ ಯಾವತ್ತಾದ್ರೂ ಅನಿಸಿದ್ಯೇನಮ್ಮ?" ಹಿಂಗೆ ಕೇಳಿದ್ರೆ ಇಲ್ಲದ ಯೋಚನೆ ತಲೇಲಿ ತುಂಬಿದಂಗೆ ಅಂತ ಎಷ್ಟೋ ಜನ ಹೆದರ್ತಾರೆ, ಹಂಗೇನೂ ಆಗಲ್ಲ, ಕೇಳಿದ್ರೇ ಜನ ಬಾಯಿ ಬಿಡೋದು. ಸುಮಾರು ಹೊತ್ತು ಸುಮ್ನಿದ್ರು. "ಇಲ್ರಿ. ಸಾಯೋದಲ್ರಿ, ಮಲಕೋಬೇಕು ಅಷ್ಟ."

"ಕಾಲು ಮುರೀದೇನೇ ರಜೆ ಕೇಳಿ."

"ಮುರದ ಕಾಲಾದ್ರ ತೋರಸಬಹುದು ಅಕ್ಕಾರ, ಸುಸ್ತು ಹೆಂಗ ತೋರಸೋದ್ರಿ?"

ಈ ಪ್ರಶ್ನೆ ಮೇಲೇನೇ ಸಲಹೆ ನಿಂತಿದ್ದು. ಸುಸ್ತು ತೋರಿಸೋಣ, ಕಾಗದದ ಮೇಲೆ ತೋರಿಸೋಣ ಅಂದೆ. ಎರಡು ವಾರ ಆಫೀಸ್ ಟೈಮ್ ಆದ್ಮೇಲೆ ಬಂದ ಪ್ರತಿ ಫೋನು, ಎಷ್ಟು ಹೊತ್ತಿಗೆ, ಯಾಕೆ, ಬೆಳಿಗ್ಗೆವರೆಗೆ ಕಾಯಬಹುದಿತ್ತಾ, ಬರೀರಿ, ಜೊತೆಗೆ ಡಾಕ್ಟರ್ ಹತ್ರ ಹೋಗಿ ರಕ್ತ, ಥೈರಾಯ್ಡ್ ನೋಡಿಸ್ಕೊಳ್ಳಿ, ಯಾಕಂದ್ರೆ ಎಲ್ಲಾ ಸುಸ್ತೂ ಮನಸ್ಸಿಂದೇ ಆಗಿರಲ್ಲ. ಆಮೇಲೆ ಆ ಪಟ್ಟಿ ಹಿಡ್ಕೊಂಡು ಮ್ಯಾನೇಜರ್ ಹತ್ರ ಹೋಗಿ ರಾತ್ರಿ ಫೋನಿಗೆ ಪಾಳಿ ಮಾಡಿ ಅಂತ ಕೇಳಿ.

ಅವರ ಯಜಮಾನ್ರು ಫೋನ್ ಮಾಡಿ, ಹಿಂಗೆಲ್ಲಾ ಹೇಳ್ಕೊಟ್ರೆ ಕೆಲಸ ಹೋಗುತ್ತೆ ಮೇಡಂ ಅಂದ್ರು. ಅವರ ಭಯ ನಿಜಾನೇ, ಮನೆ ಸಾಲದ ಕಂತು ಇದೆ. ಆದ್ರೂ ನಾನು ಸಲಹೆ ಬದಲಾಯಿಸಲಿಲ್ಲ. ಉಸಿರಾಟದ ಅಭ್ಯಾಸ ನಾನೂ ಕಲಿಸ್ತೀನಿ, ಒಳ್ಳೇದೇ, ಆದ್ರೆ ಅದ್ರಿಂದ ರಾತ್ರಿ ಬರೋ ಫೋನು ಒಂದೂ ಕಮ್ಮಿ ಆಗಲ್ಲ. ವಾರಕ್ಕೆ 55 ಗಂಟೆ ಅಥವಾ ಅದಕ್ಕಿಂತ ಜಾಸ್ತಿ ದುಡಿಯೋರಿಗೆ, 35ರಿಂದ 40 ಗಂಟೆ ದುಡಿಯೋರಿಗಿಂತ ಪಾರ್ಶ್ವವಾಯು ಅಪಾಯ 35% ಜಾಸ್ತಿ ಅಂತ ವಿಶ್ವ ಆರೋಗ್ಯ ಸಂಸ್ಥೆ, ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಸೇರಿ 2021ರಲ್ಲೇ ಹೇಳಿವೆ. ಮಹಾರಾಷ್ಟ್ರದ 2017ರ ಅಂಗಡಿ ಮತ್ತು ಸಂಸ್ಥೆಗಳ ಕಾನೂನಲ್ಲಿ ವಾರಕ್ಕೆ 48 ಗಂಟೆ ಮಿತಿ, ವಾರಕ್ಕೊಂದು ಪೂರ್ತಿ ರಜೆ ಇದೆ. ಮ್ಯಾನೇಜರ್ ಮಟ್ಟದವರಿಗೆ ಅನ್ವಯಿಸಲ್ಲ, ಇವರು ಮ್ಯಾನೇಜರ್ ಅಲ್ಲ. ಕೇಳೋದು ಉಪಕಾರ ಅಲ್ಲ ಅಂತ ಅವರಿಗೆ ಗೊತ್ತಿರಬೇಕಿತ್ತು, ಅಷ್ಟೇ.

ಪಟ್ಟಿ ನೋಡಿ ಮ್ಯಾನೇಜರ್ರೇ ಸುಮ್ಮನಾದ್ರಂತೆ, ಅರ್ಧಕ್ಕಿಂತ ಜಾಸ್ತಿ ಫೋನು ಬೆಳಿಗ್ಗೆವರೆಗೆ ಕಾಯೋ ಅಂಥವೇ. ಈಗ ಮೂರು ಜನ ಪಾಳಿ ಮೇಲೆ ನೋಡ್ಕೋತಾರೆ. ಎಲ್ಲಾ ಕಡೆ ಹಿಂಗೆ ಆಗಲ್ಲ, ಪಟ್ಟಿ ತೋರಿಸಿದ್ದಕ್ಕೇ ಬೈಸ್ಕೊಂಡವರೂ ನನ್ ಹತ್ರ ಇದ್ದಾರೆ, ಅವರಿಗೆ ಬೇರೆ ಕೆಲಸ ಹುಡುಕೋಕೆ ಶುರು ಮಾಡಿ ಅಂದಿದೀನಿ.

ಕಾಲು ಮುರಿದ್ರೆ ಸಾಕು ಅಂತ ನಿಮ್ ಮನೇಲಿ ಯಾರಾದ್ರೂ ತಮಾಷೆಗಂದ್ರೂ ಕೂತು ಕೇಳಿ. ಸಾಯೋ ಮಾತು ಬಂದ್ರೆ ಕಾಯಬೇಡಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಫೋನ್ ಮಾಡಿ, ನಂಬರ್ 14416, ಫ್ರೀ, ದಿನದ 24 ಗಂಟೆ, ಕನ್ನಡದಲ್ಲೂ ಮಾತಾಡ್ತಾರೆ.