ಕಸ್ಟಡಿಯಲ್ಲಿ ಹೊಡೆಯುವುದು, ಕರ್ಕೊಂಡು ಹೋದವರು ಕಾಣೆಯಾಗುವುದು ಯಾವತ್ತಾದರೂ ನಿಲ್ಲುತ್ತಾ?

ನೀವು ಕೇಳಿರುವುದು ನಿಜವಾಗಿ ಎರಡು ಪ್ರಶ್ನೆ. ಕಸ್ಟಡಿಯ ಚಿತ್ರಹಿಂಸೆ ಮತ್ತು ಜನರನ್ನು ಪತ್ತೆಯೇ ಇಲ್ಲದಂತೆ ಮಾಡುವುದನ್ನು ತಡೆಯಲು ಸರ್ಕಾರ ಏನು ಮಾಡಬೇಕು ಅನ್ನುವುದು ಒಂದು. ಮಾನವ ಹಕ್ಕು ಸಂಘಟನೆಗಳಿಂದ ಏನಾದರೂ ಆಗುತ್ತಾ, ಇಲ್ಲ ಬರೀ ಪತ್ರಿಕಾಗೋಷ್ಠಿನಾ ಅನ್ನುವುದು ಇನ್ನೊಂದು. ನಾನು ವಕೀಲನಲ್ಲ. ಕೊಳ್ಳೇಗಾಲದ ಕಡೆಯವನು. ಹತ್ತು ವರ್ಷದಿಂದ ಕಾನೂನು ಸೇವೆಯ ಸ್ವಯಂಸೇವಕನಾಗಿ ಜನರಿಗೆ ಅರ್ಜಿ ಬರೆದುಕೊಡುತ್ತಿದ್ದೇನೆ. ಹಾಗಾಗಿ ನನಗೆ ಕಾಣುವುದು ಕಾಗದದ ಕಡೆಯಿಂದ.

ಕೆಲವು ವರ್ಷಗಳ ಹಿಂದೆ ನಮ್ಮ ಬೀದಿಯ ಒಬ್ಬ ಹುಡುಗನನ್ನು ಬೈಕ್ ಕಳ್ಳತನದ ವಿಚಾರಣೆ ಅಂತ ಮಫ್ತಿಯಲ್ಲಿ ಬಂದ ಇಬ್ಬರು ಕರೆದುಕೊಂಡು ಹೋದರು. ಅವನ ತಾಯಿಯ ಜೊತೆ ನಾನೂ ಠಾಣೆಗೆ ಹೋದೆ. "ಅಂಥವನು ಯಾರೂ ಇಲ್ಲಿಗೆ ಬಂದಿಲ್ಲ, ಹೋಗಮ್ಮ" ಅಂದರು. ಅವನ ಚಪ್ಪಲಿ ಮೆಟ್ಟಿಲ ಪಕ್ಕದಲ್ಲೇ ಬಿದ್ದಿತ್ತು. ತಾಯಿ ಅದನ್ನೇ ನೋಡುತ್ತಾ ನಿಂತರು. ಹೊರಗೆ ಬಂದು ಒಂದು ಬಿಳಿ ಹಾಳೆಯಲ್ಲಿ ಬರೆದೆ: ಎಷ್ಟು ಗಂಟೆಗೆ, ಯಾವ ಗಾಡಿಯಲ್ಲಿ, ಗಾಡಿ ನಂಬರ್ ಏನು, ನೋಡಿದವರು ಯಾರು, ಠಾಣೆಯಲ್ಲಿ ಯಾರು ಏನು ಹೇಳಿದರು. ಒಂದು ಪ್ರತಿ ಮೇಲಧಿಕಾರಿಗೆ ಇಮೇಲ್, ಇನ್ನೊಂದು ರಿಜಿಸ್ಟರ್ ಪೋಸ್ಟ್. ಪೋಸ್ಟ್ ಆಫೀಸಿನ ರಸೀದಿಯನ್ನು ತಾಯಿ ಸೆರಗಿನಲ್ಲಿ ಕಟ್ಟಿಕೊಂಡರು. ಸಂಜೆ ಹುಡುಗನನ್ನು ಬಿಟ್ಟರು. ಪಾದ ಊದಿಕೊಂಡಿತ್ತು. ದೂರು ಕೊಡೋಣ ಅಂದರೆ ಅವರು ಒಪ್ಪಲಿಲ್ಲ. "ಬೇಡ ಅಣ್ಣ, ನಾವು ಇದೇ ಊರಲ್ಲಿ ಬಾಳಬೇಕು" ಅಂದರು. ಆ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಆದರೆ ಒಂದು ವಿಷಯ ಅವತ್ತು ಸ್ಪಷ್ಟವಾಯಿತು. "ಇಲ್ಲಿಗೆ ಬಂದೇ ಇಲ್ಲ" ಅನ್ನುವ ಆ ಒಂದು ಮಾತಿನಿಂದಲೇ ಮನುಷ್ಯ ಕಾಣೆಯಾಗಲು ಶುರುವಾಗುತ್ತಾನೆ. ಆ ಮಾತಿಗೆ ಎದುರಾಗಿ ಯಾರಾದರೂ, ಎಲ್ಲಾದರೂ, ತಾರೀಕು ಹಾಕಿ ಬರೆದಿಟ್ಟಿದ್ದರೆ ಮಾತ್ರ ಮುಂದೆ ದಾರಿ. ನಮ್ಮ ದೇಶದಲ್ಲಿ ಇಂಥ ಹೋರಾಟ ಗೆದ್ದ ಕಡೆಯಲ್ಲೆಲ್ಲ ಹೀಗೇ ಆಗಿದೆ.

ಕೇರಳದ ರಾಜನ್ ಪ್ರಕರಣ ನೋಡಿ. ಕ್ಯಾಲಿಕಟ್‌ನ ಎಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿ. ತುರ್ತು ಪರಿಸ್ಥಿತಿಯಲ್ಲಿ, 1976ರ ಮಾರ್ಚ್ 1ರಂದು ಪೊಲೀಸರು ಎಳೆದುಕೊಂಡು ಹೋದರು. ಕಕ್ಕಯಂ ಕ್ಯಾಂಪಿನಲ್ಲಿ ಹಿಂಸೆಗೆ ಸತ್ತ. ಶವ ಇವತ್ತಿನವರೆಗೂ ಸಿಕ್ಕಿಲ್ಲ. ತಂದೆ ಈಚರ ವಾರಿಯರ್ ಹಿಂದಿ ಮೇಷ್ಟ್ರು. ಸಚಿವರ ಮನೆ, ಅಧಿಕಾರಿಗಳ ಮನೆ ಎಲ್ಲ ಅಲೆದರು. ತುರ್ತು ಪರಿಸ್ಥಿತಿ ಮುಗಿದ ಕೆಲವೇ ದಿನಕ್ಕೆ ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್ (ಹಿಡಿದಿಟ್ಟವನನ್ನು ಕೋರ್ಟಿನ ಮುಂದೆ ತನ್ನಿ ಅನ್ನುವ ಅರ್ಜಿ) ಹಾಕಿದರು. ಅವನನ್ನು ಬಂಧಿಸಿಯೇ ಇಲ್ಲ ಎಂದು ಸರ್ಕಾರ ಅಫಿಡವಿಟ್ ಕೊಟ್ಟಿತು. ಆದರೆ ಹುಡುಗನನ್ನು ಕರೆದುಕೊಂಡು ಹೋದಾಗಲೇ ಕಾಲೇಜಿನ ಪ್ರಾಂಶುಪಾಲರು ತಂದೆಗೆ ಪತ್ರ ಬರೆದು ತಿಳಿಸಿದ್ದರು. ಕಣ್ಣಾರೆ ಕಂಡವರು ಬಂದು ಸಾಕ್ಷಿ ಹೇಳಿದರು. ಕೋರ್ಟು ಸರ್ಕಾರದ ಮಾತನ್ನು ನಂಬಲಿಲ್ಲ. ಮುಖ್ಯಮಂತ್ರಿ ಕರುಣಾಕರನ್ 1977ರ ಏಪ್ರಿಲ್‌ನಲ್ಲಿ ರಾಜೀನಾಮೆ ಕೊಡಬೇಕಾಯಿತು. ಆ ಪ್ರಾಂಶುಪಾಲರು "ನಮಗ್ಯಾಕೆ ಸುಮ್ನೆ" ಅಂತ ಕೂತಿದ್ದರೆ ಏನಾಗುತ್ತಿತ್ತು ಅಂತ ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಪಂಜಾಬಿನದು ಇನ್ನೂ ಎದೆ ಹಿಂಡುವ ಕಥೆ. ಜಸ್ವಂತ್ ಸಿಂಗ್ ಖಾಲ್ರಾ ಅಂತ ಒಬ್ಬರು, ಅಮೃತಸರದಲ್ಲಿ ಬ್ಯಾಂಕಿನಲ್ಲಿದ್ದವರು. ಕಾಣೆಯಾದ ಗೆಳೆಯರನ್ನು ಹುಡುಕುತ್ತಾ ಸ್ಮಶಾನಕ್ಕೆ ಹೋದರು. ಠಾಣೆಯ ಪುಸ್ತಕದಲ್ಲಿ ಆ ಹೆಸರುಗಳಿರಲಿಲ್ಲ. ಆದರೆ ಹೆಣ ಸುಡಲು ಸೌದೆ ಬೇಕಲ್ಲ? ಸೌದೆಗೆ ಲೆಕ್ಕ ಬೇಕು. ಆ ಸೌದೆಯ ರಿಜಿಸ್ಟರಿನಲ್ಲಿ ಪೊಲೀಸರು ಯಾವತ್ತು ಎಷ್ಟು ಹೆಣ ತಂದರು ಅನ್ನುವುದು ಸಿಕ್ಕಿತು. ಅದನ್ನು ಅವರು ಹೊರಗಿಟ್ಟರು. 1995ರ ಸೆಪ್ಟೆಂಬರ್ 6ರಂದು ಅವರನ್ನೇ ಮನೆ ಮುಂದಿನಿಂದ ಎತ್ತಿಕೊಂಡು ಹೋದರು. ಅವರೂ ಮರಳಲಿಲ್ಲ. ಸುಪ್ರೀಂ ಕೋರ್ಟಿಗೆ ಹೋದ ಒಂದು ಟೆಲಿಗ್ರಾಂ ಅನ್ನೇ ಅರ್ಜಿಯಾಗಿ ತೆಗೆದುಕೊಂಡು ನ್ಯಾಯಮೂರ್ತಿಗಳು ಸಿಬಿಐ ತನಿಖೆ ಮಾಡಿಸಿದರು. ಆಗ ಹೊರಬಂದ ಲೆಕ್ಕ: ಅಮೃತಸರ ಜಿಲ್ಲೆಯ ಮೂರು ಸ್ಮಶಾನಗಳಲ್ಲೇ 2,097 ಅಕ್ರಮ ದಹನ. ಅದರಲ್ಲಿ 585 ಜನರ ಗುರುತು ಪೂರ್ತಿ ಸಿಕ್ಕಿತು, 274 ಜನರದು ಅರ್ಧಂಬರ್ಧ. ಉಳಿದ 1,238 ಜನ ಯಾರೆಂದೇ ತಿಳಿಯಲಿಲ್ಲ. ಖಾಲ್ರಾ ಅವರ ಹೆಂಡತಿ ಪರಮ್‌ಜಿತ್ ಕೌರ್ ಬಿಡದೆ ಹೋರಾಡಿದರು. ಹತ್ತು ವರ್ಷದ ಮೇಲೆ, 2005ರಲ್ಲಿ, ಆರು ಪೊಲೀಸರಿಗೆ ಶಿಕ್ಷೆಯಾಯಿತು.

ಈಗ ನಮ್ಮ ಮಲೆ ಮಹದೇಶ್ವರ ಬೆಟ್ಟ. ದೂರದವರಿಗೆ ಅದು ಮಾದಪ್ಪನ ಜಾತ್ರೆಯ ಜಾಗ. ನಮ್ಮ ಕಡೆಯ ವಯಸ್ಸಾದವರಿಗೆ ಇನ್ನೂ ಒಂದು ನೆನಪಿದೆ: "ವರ್ಕ್‌ಶಾಪ್". ವೀರಪ್ಪನ್ ಹುಡುಕಾಟದ ಕಾಲದಲ್ಲಿ ಕರ್ನಾಟಕ ಮತ್ತು ತಮಿಳುನಾಡಿನ ವಿಶೇಷ ಕಾರ್ಯಪಡೆ ಕಾಡಂಚಿನ ಜನರನ್ನು ತಂದು ಹಿಂಸಿಸುತ್ತಿದ್ದ ಜಾಗಕ್ಕೆ ಆ ಹೆಸರು. ಕರೆಂಟ್ ಶಾಕ್ ಕೊಡುತ್ತಿದ್ದರು ಅಂತ ಬದುಕಿ ಬಂದವರು ಹೇಳಿದ್ದಾರೆ. ಸೋಲಿಗರು, ಸಣ್ಣ ರೈತರು, ಹೆಂಗಸರು. ಟಾಡಾ ಅನ್ನುವ ಭಯೋತ್ಪಾದನೆ ತಡೆ ಕಾನೂನು ಹಾಕಿಸಿಕೊಂಡು ಮೈಸೂರು ಜೈಲಿನಲ್ಲಿ ವರ್ಷಗಟ್ಟಲೆ ಕೊಳೆತವರಲ್ಲಿ ಬಹುಪಾಲು ಜನ 2001ರಲ್ಲಿ ಖುಲಾಸೆಯಾದರು. 2000ದಲ್ಲಿ ರಾಜ್‌ಕುಮಾರ್ ಅಪಹರಣವಾದಾಗ ಟಾಡಾ ಕೈದಿಗಳನ್ನು ಬಿಡಿ ಅಂತ ವೀರಪ್ಪನ್ ಷರತ್ತು ಹಾಕಿದ್ದು ಎಲ್ಲರಿಗೂ ನೆನಪಿದೆ. ಆ ಕೈದಿಗಳು ಯಾರು, ಅವರಿಗೆ ಏನಾಗಿತ್ತು ಅಂತ ಕೇಳಿದವರು ಕಡಿಮೆ. ಅವರು ಕಳ್ಳನಿಗೂ ಪೊಲೀಸರಿಗೂ ನಡುವೆ ಸಿಕ್ಕಿಕೊಂಡವರು.

ಕೇಳಿದವರು ಎರಡೂ ರಾಜ್ಯದ ಸಂಘಟನೆಗಳ ಕಾರ್ಯಕರ್ತರು. ಹಳ್ಳಿ ಹಳ್ಳಿ ತಿರುಗಿ, ಕೂತು, ಹೇಳಿಕೆ ಬರೆದುಕೊಂಡರು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 1999ರಲ್ಲಿ ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಎ.ಜೆ. ಸದಾಶಿವ ಅವರ ಸಮಿತಿ ಮಾಡಿತು. ಸಮಿತಿ ಕಾಡಿನ ಸುತ್ತಮುತ್ತಲೇ ಬಂದು ಜನರ ಮಾತು ಕೇಳಿತು. ಅದೇ ದೊಡ್ಡ ವಿಷಯ. ಬೆಂಗಳೂರಿಗೆ ಬನ್ನಿ ಅಂದಿದ್ದರೆ ಯಾರೂ ಬರುತ್ತಿರಲಿಲ್ಲ. ಕೊನೆಗೆ 2007ರ ಜನವರಿಯಲ್ಲಿ ಆಯೋಗ 89 ಜನರಿಗೆ 2.80 ಕೋಟಿ ರೂಪಾಯಿ ಪರಿಹಾರ ಕೊಡಲು ಹೇಳಿತು. ಹದಿನಾಲ್ಕು ವರ್ಷದ ಹಿಂದಿನ ಗಾಯಕ್ಕೆ! ಪರಿಹಾರ ಬೇಕು, ಖಂಡಿತ ಬೇಕು. ಆದರೆ ಪರಿಹಾರ ಕೊಡುವುದು ಸರ್ಕಾರದ ಖಜಾನೆ, ಹೊಡೆದ ಕೈ ಅಲ್ಲ.

ಹೊಡೆದ ಕೈಗಳಿಗೇ ಶಿಕ್ಷೆಯಾಗಿದ್ದು ಪಕ್ಕದ ಧರ್ಮಪುರಿ ಜಿಲ್ಲೆಯ ವಾಚಾತಿಯಲ್ಲಿ. 1992ರ ಜೂನ್ 20ರಂದು ಗಂಧದ ಮರ ಹುಡುಕುವ ನೆಪದಲ್ಲಿ ಅರಣ್ಯ, ಪೊಲೀಸ್, ಕಂದಾಯ ಇಲಾಖೆಯವರು ಒಂದು ಬುಡಕಟ್ಟು ಹಳ್ಳಿಯ ಮೇಲೆ ಬಿದ್ದರು. ಜನರನ್ನು ಹೊಡೆದರು, 18 ಹೆಣ್ಣುಮಕ್ಕಳ ಮೇಲೆ ಅತ್ಯಾಚಾರ ಮಾಡಿದರು. ಬುಡಕಟ್ಟು ಸಂಘ ಮತ್ತು ಕಮ್ಯುನಿಸ್ಟ್ ಪಕ್ಷದವರು ಸುಪ್ರೀಂ ಕೋರ್ಟಿನವರೆಗೆ ಹೋದರು, ಸಿಬಿಐ ಬಂತು. 269 ಆರೋಪಿಗಳಲ್ಲಿ 54 ಜನ ತೀರ್ಪಿನ ಮೊದಲೇ ಸತ್ತಿದ್ದರು. ಉಳಿದ 215 ಜನಕ್ಕೂ 2011ರಲ್ಲಿ ಶಿಕ್ಷೆಯಾಯಿತು, 2023ರಲ್ಲಿ ಮದ್ರಾಸ್ ಹೈಕೋರ್ಟು ಅದನ್ನು ಎತ್ತಿ ಹಿಡಿಯಿತು. ಮೂವತ್ತೊಂದು ವರ್ಷ ಆ ಹೆಂಗಸರು ಮಾತು ಬದಲಿಸಲಿಲ್ಲ. ಅಷ್ಟೂ ವರ್ಷ ಅವರ ಜೊತೆ ಕೋರ್ಟಿಗೆ ಬಸ್ ಹತ್ತಿದವರು ಇದ್ದರು. ಸಂಘಟನೆಗಳಿಂದ ಏನಾಗುತ್ತೆ ಅಂತ ಕೇಳಿದಿರಲ್ಲ, ಇದು ಆಗುತ್ತೆ.

ಇನ್ನು ಸರ್ಕಾರದ ಕಡೆ. ಕಾನೂನು ಏನೇನೂ ಇಲ್ಲ ಅಂತಲ್ಲ. ಪಶ್ಚಿಮ ಬಂಗಾಳದ ಡಿ.ಕೆ. ಬಸು 1986ರಲ್ಲಿ ಲಾಕಪ್ ಸಾವುಗಳ ಬಗ್ಗೆ ಮುಖ್ಯ ನ್ಯಾಯಮೂರ್ತಿಗೆ ಒಂದು ಪತ್ರ ಬರೆದರು. ಅದರಿಂದಲೇ 1996ರ ಡಿಸೆಂಬರ್‌ನ ದೊಡ್ಡ ತೀರ್ಪು ಬಂತು: ಬಂಧಿಸುವವರ ಎದೆಯ ಮೇಲೆ ಹೆಸರು ಕಾಣಬೇಕು, ಬಂಧನದ ಮೆಮೊಗೆ ಮನೆಯವರೋ ಊರಿನವರೋ ಸಹಿ ಹಾಕಬೇಕು, ಹತ್ತಿರದವರಿಗೆ ತಿಳಿಸಬೇಕು, ವೈದ್ಯಕೀಯ ತಪಾಸಣೆ ಆಗಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಹೊಸ ಅಪರಾಧ ಪ್ರಕ್ರಿಯಾ ಕಾನೂನು ಬಿಎನ್‌ಎಸ್‌ಎಸ್‌ನಲ್ಲೂ ಇವು ಇವೆ. ಬಂಧಿತರ ಹೆಸರು, ವಿಳಾಸ ಪ್ರತಿ ಠಾಣೆಯಲ್ಲಿ ಎದ್ದು ಕಾಣುವಂತೆ ಹಾಕಬೇಕು ಎಂದು ಅದರ 37ನೇ ಸೆಕ್ಷನ್ ಹೇಳುತ್ತದೆ. ನಿಮ್ಮೂರಿನ ಠಾಣೆಗೆ ಹೋಗಿ ಆ ಪಟ್ಟಿ ಎಲ್ಲಿದೆ ಅಂತ ಒಮ್ಮೆ ಕೇಳಿ ನೋಡಿ.

ಕೊರತೆ ಇರುವುದು ಬೇರೆ ಕಡೆ. ಚಿತ್ರಹಿಂಸೆ ವಿರುದ್ಧದ ವಿಶ್ವಸಂಸ್ಥೆಯ ಒಪ್ಪಂದಕ್ಕೆ ಭಾರತ 1997ರಲ್ಲಿ, ಬಲವಂತವಾಗಿ ಕಾಣೆ ಮಾಡುವುದರ ವಿರುದ್ಧದ ಒಪ್ಪಂದಕ್ಕೆ 2007ರಲ್ಲಿ ಸಹಿ ಹಾಕಿತು. ಎರಡನ್ನೂ ಅನುಮೋದಿಸಿಲ್ಲ. ಚಿತ್ರಹಿಂಸೆ ತಡೆ ಮಸೂದೆ 2010ರಲ್ಲಿ ಲೋಕಸಭೆ ದಾಟಿತು, ರಾಜ್ಯಸಭೆಯಲ್ಲಿ ನಿಂತು ಸತ್ತಿತು. 2017ರಲ್ಲಿ ಕಾನೂನು ಆಯೋಗ ತನ್ನ 273ನೇ ವರದಿಯಲ್ಲಿ ಹೊಸ ಕರಡನ್ನೇ ಬರೆದುಕೊಟ್ಟಿತು. ಅದೂ ಕಾನೂನಾಗಲಿಲ್ಲ. ಆ ವರದಿಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು ಒಂದು ಮಾತು. ಕಸ್ಟಡಿಯಲ್ಲಿದ್ದವನ ಮೈಮೇಲೆ ಗಾಯ ಕಂಡರೆ, ಅದು ಪೊಲೀಸರಿಂದಲೇ ಆದದ್ದು ಎಂದು ಕೋರ್ಟು ಭಾವಿಸಬೇಕು. ಅಲ್ಲ ಅಂತ ತೋರಿಸುವ ಹೊಣೆ ಅವರದು. ಇದನ್ನು ಕಾನೂನು ಆಯೋಗ 1985ರಲ್ಲೇ ಹೇಳಿತ್ತು. ಬಾಗಿಲು ಮುಚ್ಚಿದ ಕೋಣೆಯಲ್ಲಿ ನಡೆದದ್ದಕ್ಕೆ ಹೊಡೆಸಿಕೊಂಡವನೇ ಸಾಕ್ಷಿ ತರಬೇಕು ಅಂದರೆ ಎಲ್ಲಿಂದ ತರುತ್ತಾನೆ, ಹೇಳಿ?

ಕ್ಯಾಮರಾ ಇದೆಯಲ್ಲ ಅನ್ನುತ್ತಾರೆ. 2020ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಪ್ರತಿ ಠಾಣೆಯಲ್ಲೂ ಸಿಸಿಟಿವಿ ಇರಬೇಕು, ದೃಶ್ಯ ಕನಿಷ್ಠ ಒಂದು ವರ್ಷ ಉಳಿಯಬೇಕು ಅಂದಿತು. ಅದೇ ವರ್ಷ ಜೂನ್‌ನಲ್ಲಿ ತಮಿಳುನಾಡಿನ ಸಾತ್ತಾನ್‌ಕುಳಂನಲ್ಲಿ ಅಪ್ಪ, ಮಗ ಇಬ್ಬರೂ ಪೊಲೀಸರ ಹೊಡೆತಕ್ಕೆ ಸತ್ತಿದ್ದರು. ಹೈಕೋರ್ಟು ಕಳಿಸಿದ ಮ್ಯಾಜಿಸ್ಟ್ರೇಟ್ ಹೋಗಿ ನೋಡಿದರೆ, ಡಿಸ್ಕಿನಲ್ಲಿ ಬೇಕಾದಷ್ಟು ಜಾಗ ಇದ್ದರೂ ದೃಶ್ಯ ದಿನದಿನವೂ ತಾನಾಗೇ ಅಳಿಸಿಹೋಗುವಂತೆ ಇಟ್ಟಿದ್ದರು. ಅಲ್ಲಿ ಸತ್ಯ ಹೊರಗೆ ಬಂದದ್ದು ಅದೇ ಠಾಣೆಯ ಒಬ್ಬ ಮಹಿಳಾ ಹೆಡ್ ಕಾನ್‌ಸ್ಟೆಬಲ್ ಧೈರ್ಯ ಮಾಡಿ ಹೇಳಿಕೆ ಕೊಟ್ಟಿದ್ದರಿಂದ. ಹಾಗಾಗಿ ಕ್ಯಾಮರಾದ ದೃಶ್ಯ ಪೊಲೀಸರ ಕೈಲೇ ಇರಬಾರದು. ಅದು ಕೋರ್ಟಿನ ಕಡೆಯೋ ಸ್ವತಂತ್ರ ಸಮಿತಿಯ ಕಡೆಯೋ ಇರಬೇಕು. ಸಾಕ್ಷಿ ಹೇಳುವ ಪೊಲೀಸರಿಗೂ ರಕ್ಷಣೆ ಬೇಕು. ಇಲಾಖೆಯಲ್ಲಿ ಒಳ್ಳೆಯವರು ಇದ್ದಾರೆ, ಅವರು ಒಂಟಿಯಾಗಿಬಿಡುತ್ತಾರೆ.

ಡಾಕ್ಟರುಗಳ ಬಗ್ಗೆ ಒಂದು ಮಾತು ಹೇಳಲೇಬೇಕು. ತಪಾಸಣೆಗೆ ತಂದ ಬಂಧಿತನ ಪಕ್ಕದಲ್ಲಿ ಪೊಲೀಸರು ನಿಂತಿರುತ್ತಾರೆ, ಡಾಕ್ಟರು "ಏನಾದ್ರೂ ತೊಂದ್ರೆ ಇದೆಯಾ?" ಅಂತಾರೆ, ಅವನು ತಲೆ ಅಲ್ಲಾಡಿಸುತ್ತಾನೆ. "ಗಾಯಗಳಿಲ್ಲ" ಅಂತ ಬರೆದು ಮುಗಿಯಿತು. ಹಿಂಸೆಯ ಗುರುತುಗಳನ್ನು ಹೇಗೆ ದಾಖಲಿಸಬೇಕು ಎಂದು ಹೇಳುವ ಇಸ್ತಾಂಬುಲ್ ಪ್ರೊಟೊಕಾಲ್ ಇದೆ. ಪರೀಕ್ಷೆ ನಡೆಯುವಾಗ ಪೊಲೀಸರು ಕೋಣೆಯಲ್ಲಿ ಇರಬಾರದು ಅನ್ನುತ್ತದೆ ಅದು. ನಮ್ಮ ತಾಲ್ಲೂಕು ಆಸ್ಪತ್ರೆಗಳಲ್ಲಿ ಇಷ್ಟನ್ನು ಪಾಲಿಸಿದರೂ ಎಷ್ಟೋ ಜೀವ ಉಳಿಯುತ್ತೆ. ತಪಾಸಣೆ ವರದಿಯ ಪ್ರತಿ ಬಂಧಿತನಿಗೋ ಅವನು ಹೇಳಿದವರಿಗೋ ಸಿಗಬೇಕು, ಅದು ಕಾನೂನಿನಲ್ಲೇ ಇದೆ. ಕೇಳಿ ತೆಗೆದುಕೊಳ್ಳಿ.

ನಿಮ್ಮ ಪ್ರಶ್ನೆ ಓದಿದಾಗ ಯಾರೋ ಹತ್ತಿರದವರಿಗೆ ಹೀಗಾಗಿದೆಯೇನೋ ಅನಿಸಿತು. ಹಾಗಿದ್ದರೆ ಇವತ್ತೇ ಎಲ್ಲ ಬರೆದಿಡಿ, ತಾರೀಕು ಮತ್ತು ಗಂಟೆ ಸಮೇತ. ಠಾಣೆಗೆ ಒಬ್ಬರೇ ಹೋಗಬೇಡಿ. ಅರ್ಜಿ ಕೊಟ್ಟರೆ ಸ್ವೀಕೃತಿ ಕೇಳಿ, ಕೊಡದಿದ್ದರೆ ಸ್ಪೀಡ್ ಪೋಸ್ಟ್ ಮಾಡಿ. 15100ಕ್ಕೆ ಫೋನ್ ಮಾಡಿದರೆ ಕಾನೂನು ಸೇವಾ ಪ್ರಾಧಿಕಾರ ಸಿಗುತ್ತೆ, ಕಸ್ಟಡಿಯಲ್ಲಿರುವವರಿಗೆ ಅಲ್ಲಿ ವಕೀಲರು ಉಚಿತ. 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ತರದಿದ್ದರೆ ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್ ಹಾಕಬಹುದು. ಬೆಂಗಳೂರಿಗೇ ಬರಬೇಕು ಅಂತಿಲ್ಲ, ಧಾರವಾಡ ಮತ್ತು ಕಲಬುರಗಿಯಲ್ಲೂ ಪೀಠ ಇದೆ. ಮಾನವ ಹಕ್ಕು ಆಯೋಗಕ್ಕೆ ಹೋಗುವುದಾದರೆ ಘಟನೆಯಾಗಿ ಒಂದು ವರ್ಷದೊಳಗೆ ದೂರು ಕೊಡಿ, ಆಮೇಲೆ ಅವರು ತೆಗೆದುಕೊಳ್ಳುವುದಿಲ್ಲ. ಅರ್ಜಿ ಬರೆಯುವುದು ಕಷ್ಟ ಅನಿಸಿದರೆ ನನಗೆ ಇಲ್ಲೇ ಸಂದೇಶ ಕಳಿಸಿ, ಬರೆದುಕೊಡುತ್ತೇನೆ.